ಅನ್ನು ಟೀಚರು

ಕೊಳ್ಳೇಗಾಲದಿಂದ ಅತ್ತ ಹನೂರಿನವರೆಗೆ, ಇತ್ತ ಯಳಂದೂರಿನವರೆಗೆ ಹಕಾರವನ್ನು ಹಕಾರವಾಗಿಯೇ ಉಚ್ಚರಿಸುವವರ ಗಣತಿ ಮಾಡಲು ಯಾರಾದರೂ ಹೊರಟರೆ ಅವರಿಗೆ ಹೆಚ್ಚು ತಿರುಗಾಟವಿರುವುದಿಲ್ಲ. ನೇರವಾಗಿ ನಮ್ಮ ಅತ್ತೆಯ ಮನೆಗೆ ಹೋಗಿ, ಒಂದು ಗೀಟು ಹಾಕಿಕೊಂಡು, ಕಾಫಿ ಕುಡಿದು ವಾಪಸು ಬಂದರೆ ಕೆಲಸ ಮುಗಿಯಿತು. ಉಳಿದ ನಾವೆಲ್ಲ ಆಲು ಕುಡಿದು, ಅಸು ಕಟ್ಟಿ, ಅನೂರಿಗೆ ಟಿಕೆಟ್ ತೆಗೆದುಕೊಂಡು ಬೆಳೆದವರು. ಹಾಗೆಂದು ಬಸ್ಸೇನೂ ತಪ್ಪು ಊರಿಗೆ ಹೋಗಿಲ್ಲ, ಹಾಲಿನ ರುಚಿಯೂ ಕೆಟ್ಟಿಲ್ಲ. ಆದರೆ ಈ ಮಾತನ್ನು ಅತ್ತೆಯ ಎದುರು ಹೇಳುವ ಧೈರ್ಯ ಯಾರಿಗಿದೆ?

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಕನ್ನಡ ಟೀಚರಾಗಿದ್ದವಳು. ಮೊದಲು ಮಾರ್ಟಳ್ಳಿಯಲ್ಲಿ, ಆಮೇಲೆ ಹನೂರಿನಲ್ಲಿ, ಕೊನೆಗೆ ಕೊಳ್ಳೇಗಾಲದಲ್ಲಿ ಪಾಠ ಹೇಳಿ ನಿವೃತ್ತಳಾದಳು. ನಿವೃತ್ತಿ ಆದದ್ದು ಶಾಲೆಯಿಂದ, ವ್ಯಾಕರಣದಿಂದಲ್ಲ. ಶಾಲೆಯಲ್ಲಿದ್ದಾಗ ನಲವತ್ತು ಮಕ್ಕಳ ಮೇಲೆ ಹಂಚಿಹೋಗುತ್ತಿದ್ದ ವಿಭಕ್ತಿ ಪ್ರತ್ಯಯಗಳು ನಿವೃತ್ತಿಯಾದ ಮರುದಿನದಿಂದ ನೆಂಟರಿಷ್ಟರ ಮೇಲೆ ಬಂದು ಬಿದ್ದವು.

ಅವಳ ಮಾತಿನಲ್ಲಿ ಯಾವ ಪದವೂ ಅರ್ಧಕ್ಕೆ ಬಿಟ್ಟುಹೋಗುವುದಿಲ್ಲ. ನಾವು 'ಊಟ ಆಯ್ತಾ' ಎನ್ನುವ ಕಡೆ ಅವಳು, "ನೀನು ಊಟವನ್ನು ಮಾಡಿದೆಯೇನೋ?" ಎನ್ನುತ್ತಾಳೆ. ಮಾರ್ಕೆಟ್ಟಿನಲ್ಲಿ, "ಅರ್ಧ ಕೆಜಿ ಹುರುಳಿಕಾಯಿಯನ್ನು ಕೊಡಪ್ಪ, ಆ ಕೊತ್ತಂಬರಿಯನ್ನು ಮೇಲೆ ಇಡು" ಎನ್ನುತ್ತಾಳೆ. ದ್ವಿತೀಯಾ ವಿಭಕ್ತಿಯ 'ಅನ್ನು' ಇಲ್ಲದೆ ಅವಳು ಒಂದು ಎಸಳು ಕರಿಬೇವನ್ನೂ ಕೊಂಡವಳಲ್ಲ. ಹೀಗಾಗಿ ಮಾರ್ಕೆಟ್ಟಿನವರು ಅವಳಿಗೆ 'ಅನ್ನು ಟೀಚರು' ಎಂದು ಹೆಸರಿಟ್ಟಿದ್ದಾರೆ. ತರಕಾರಿಯವನೊಬ್ಬ ಅವಳನ್ನು ಖುಷಿಪಡಿಸಬೇಕೆಂದು ಒಂದು ದಿನ ಬೆಳಿಗ್ಗೆ ದೂರದಿಂದಲೇ ಕೂಗಿದ.

"ಬನ್ನಿ ಟೀಚ್ರೇ, ಇವತ್ತು ಬದನೆಕಾಯನ್ನು ಬಾಳ ಚೆನ್ನಾಗದ."

ಅತ್ತೆ ಚೀಲ ಕೆಳಗಿಟ್ಟಳು. 'ಬದನೆಕಾಯಿ ಚೆನ್ನಾಗಿದೆ' ಎಂಬಲ್ಲಿ ಬದನೆಕಾಯಿಯೇ ಕರ್ತೃ, ಕರ್ತೃವಿಗೆ ಪ್ರಥಮಾ ವಿಭಕ್ತಿ, 'ಬದನೆಕಾಯಿಯನ್ನು ತೂಗು' ಎಂಬಲ್ಲಿ ಮಾತ್ರ ಅದು ಕರ್ಮ ಎಂದು ತಕ್ಕಡಿ ಹಿಡಿದೇ ವಿವರಿಸಿದಳು. ಹಿಂದೆ ಆರೇಳು ಜನ ಚೀಲ ಹಿಡಿದು ನಿಂತಿದ್ದರು. ಪಾಠ ಮುಗಿದ ಮೇಲೆ ಅವನು ತಲೆ ಕೆರೆದುಕೊಂಡು, "ಅದ್ಕೇ ಟೀಚ್ರೇ ನಮ್ಮ ಬದನೆಕಾಯಿ ಕರ್ಮ ಅಂತ ಜನ ಆಡ್ಕಳದು" ಎಂದ.

ಇಂಥ ಅತ್ತೆಯನ್ನು ಮದುವೆಯಾದವರು ಯಾರು? ಬಸ್ ಕಂಡಕ್ಟರು. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ, ಕೆಲವು ದಿನ ಇನ್ನೂ ಮುಂದಕ್ಕೆ ಪಾಲಾರಿನವರೆಗೆ ಹೋಗಿಬರುತ್ತಿದ್ದವರು. ತಮಿಳುನಾಡಿನ ಗಡಿ ಮುಟ್ಟಿ ಬರುವ ಆ ರೂಟಿನಲ್ಲಿ ನಲವತ್ತು ವರ್ಷ ಟಿಕೆಟ್ ಹರಿದು ಹರಿದು ನಮ್ಮ ಮಾವ ಮಾತನ್ನೂ ಹಾಗೆಯೇ ಹರಿದು ಕೊಡುವ ಅಭ್ಯಾಸ ಮಾಡಿಕೊಂಡಿದ್ದರು. "ಯಾರ್", "ಎಲ್ಲಿ", "ಒಳಿಕ್", "ತಕ್ಕಳಿ", "ರೈಟ್". ಈ ಐದು ಪದಗಳಿಂದ ಅವರು ಬಸ್ಸನ್ನೂ ನಡೆಸಿದರು, ಸಂಸಾರವನ್ನೂ ನಡೆಸಿದರು.

ಹೆಣ್ಣು ನೋಡಲು ಬಂದ ದಿನದ ಕಥೆಯನ್ನು ಅತ್ತೆಯೇ ನಮಗೆ ಹೇಳಿದ್ದಳು. ಇಬ್ಬರನ್ನೂ ಹಜಾರದಲ್ಲಿ ಮಾತನಾಡಲು ಬಿಟ್ಟರಂತೆ. ಅತ್ತೆ, "ತಾವು ಬಿಡುವಿನ ವೇಳೆಯಲ್ಲಿ ಯಾವ ವಿಷಯವನ್ನು ಕುರಿತು ಮಾತನಾಡಲು ಇಷ್ಟಪಡುತ್ತೀರಿ?" ಎಂದು ಕೇಳಿದಳಂತೆ. ಮಾವ ಬಹಳ ಹೊತ್ತು ಯೋಚನೆ ಮಾಡಿ, "ಇಲ್ಲ" ಎಂದರಂತೆ.

"ಅಷ್ಟಕ್ಕೇ ಒಪ್ಪಿಕೊಂಡುಬಿಟ್ಟೆಯಾ ಅತ್ತೆ?" ಎಂದು ನಾನು ಕೇಳಿದ್ದೆ.

"ಕ್ರಿಯಾಪದ ಮೊದಲು ಬಂದಿದೆ, ಕರ್ತೃ ಕರ್ಮಗಳು ಹಿಂದಿನ ಬಸ್ಸಿಗೆ ಬರುತ್ತವೆ ಎಂದುಕೊಂಡೆನೋ" ಎಂದಳು ಅತ್ತೆ. "ಆ ಬಸ್ಸು ಇನ್ನೂ ಬಂದಿಲ್ಲ."

ಮಾರ್ಟಳ್ಳಿಯ ಪ್ರಸಂಗವನ್ನು ಹೇಳದಿದ್ದರೆ ಅತ್ತೆಯ ಪ್ರತಾಪ ಪೂರ್ತಿಯಾಗಿ ತಿಳಿಯುವುದಿಲ್ಲ. ಅಲ್ಲಿ ಅವಳ ತರಗತಿಯ ಮಕ್ಕಳಲ್ಲಿ ಬಹುಪಾಲು ಮನೆಯಲ್ಲಿ ತಮಿಳು ಆಡುವವರು. ಅವರ ಪಾಲಿಗೆ ಕನ್ನಡವೆಂದರೆ ಅತ್ತೆ ಆಡಿದ ಕನ್ನಡ, ಅಷ್ಟೇ. ಕರ್ತೃ, ಕರ್ಮ, ಕ್ರಿಯಾಪದ ಸಾಲಾಗಿ ಕೈಕಟ್ಟಿ ನಿಂತ ಕನ್ನಡ. ಒಂದು ಸಲ ಶಾಲೆ ನೋಡಲು ಸಾಹೇಬರೊಬ್ಬರು ಬಂದರು. ಅವರೂ ನಮ್ಮ ಕಡೆಯವರೇ. ಮಕ್ಕಳನ್ನು ಪ್ರೀತಿಯಿಂದ ನೋಡಿ, "ಏನ್ರಲಾ, ಉಂಡ್ರೇನ್ರಲಾ?" ಎಂದು ಕೇಳಿದರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಕ್ಷಮಿಸಿರಿ ಗುರುಗಳೇ, ನಮಗೆ ತಮಿಳು ಮತ್ತು ಕನ್ನಡ ಮಾತ್ರ ಬರುತ್ತವೆ" ಎಂದಳು.

ಸಾಹೇಬರು ಆಮೇಲೆ ಹಾಜರಿ ಪುಸ್ತಕವನ್ನೂ ನೋಡದೆ ಹೊರಟುಹೋದರಂತೆ.

ಹಾಗೆಂದು ಅತ್ತೆ ಕಟುಕಳೇನಲ್ಲ. ಅವಳ ಕಾನೂನಿನಲ್ಲೂ ವಿನಾಯಿತಿ ಉಂಟು. ಮಹದೇವ ಎಂಬುದು ಮಾದೇವನಾಗಿ, ಮಾದೇವಪ್ಪನಾಗಿ, ಮಾದಪ್ಪನಾದದ್ದನ್ನು ಅವಳು ಎಂದೂ ತಿದ್ದಿದವಳಲ್ಲ. "ಹಕಾರವೂ ಹೋಗಿದೆ, ನಡುವಿನ ವಕಾರವೂ ಹೋಗಿದೆಯಲ್ಲ ಅತ್ತೆ, ಅದು ಲೋಪವಲ್ಲವಾ?" ಎಂದು ನಾನು ಕೆಣಕಿದೆ. "ಹಾಗೆ ಕರೆದರೆ ಅವನೇ ತಿರುಗಿ ನೋಡುತ್ತಿದ್ದಾನೆ. ನಡುವೆ ನನ್ನದೇನು?" ಎಂದು ಕೈ ಮುಗಿದಳು.

ನನ್ನ ಕಸುಬಿನ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬೇಕು. ಯಳಂದೂರು ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಿದೆ. ಮದುವೆ ಪತ್ರಿಕೆ, ತಿಥಿ ಕಾರ್ಡು, ಅರ್ಜಿ ಎಲ್ಲವನ್ನೂ ಟೈಪು ಮಾಡುತ್ತೇನೆ. ವ್ಯಾಕರಣದ ಟೀಚರಿಗೆ ಟೈಪು ಮಾಡುವ ಸೋದರಳಿಯನಿರುವುದು ಪೊಲೀಸಿನವರ ಮನೆಯ ಪಕ್ಕದಲ್ಲಿ ಬಾಡಿಗೆಗಿದ್ದಂತೆ. ತಪ್ಪು ಮಾಡದಿದ್ದರೂ ಬೆವರು ಬರುತ್ತದೆ.

ನಮ್ಮ ದೂರದ ನೆಂಟರೊಬ್ಬರ ಮಗಳ ಮದುವೆ ಪತ್ರಿಕೆಯನ್ನು ನಾನೇ ಮಾಡಿದ್ದೆ. ಎಲ್ಲರೂ ಹಾಕುವಂತೆ ನಾನೂ 'ಸಕುಟುಂಬ ಸಮೇತರಾಗಿ ಆಗಮಿಸಿ' ಎಂದು ಹಾಕಿದ್ದೆ. ಅತ್ತೆಯಿಂದ ಫೋನು ಬಂತು.

"'ಸಕುಟುಂಬ' ಎಂದರೆ ಏನೋ?"

"ಕುಟುಂಬದ ಜೊತೆ."

"'ಸಮೇತ' ಎಂದರೆ?"

"ಜೊತೆ."

"ಹಾಗಾದರೆ ಕುಟುಂಬವನ್ನು ಎರಡು ಸಲ ಕರೆದಿದ್ದೀಯ. ಎರಡು ಸಲ ಊಟವನ್ನು ಹಾಕುತ್ತಾರೇನು?"

ಇನ್ನೂರೈವತ್ತು ಕಾರ್ಡು ಅಚ್ಚಾಗಿ ಹಂಚಿಯೂ ಆಗಿತ್ತು. ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಊಟ ಮಾಡಿ ಎದ್ದ ಮಾವ ಕೈ ತೊಳೆದುಕೊಂಡು ಬಂದು ಎರಡನೇ ಪಂಕ್ತಿಯಲ್ಲಿ ಮತ್ತೆ ಕೂತರು. ಹೆಣ್ಣಿನ ತಂದೆ ಗಾಬರಿಯಿಂದ, "ಯಾಕಣ್ಣ, ಊಟ ಸರ್ಯಾಗಿ ಬಡಿಸ್ನಿಲ್ವಾ?" ಎಂದು ಕೇಳಿದರು. ಮಾವ ಜೇಬಿನಿಂದ ಕಾರ್ಡು ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ, "ಎಲ್ಡ್ ಸಲ" ಎಂದರು. ತಾನು ಮದುವೆಯಾದ ಮೇಲೆ ಅತ್ತೆ ಮಾವನ ಬಗ್ಗೆ ಹೆಮ್ಮೆಪಟ್ಟ ಮೊದಲ ದಿನ ಅದೇ ಇರಬೇಕು.

ಇನ್ನೊಂದು ಪ್ರಸಂಗ ಮಾತ್ರ ಹೇಳಬಾರದು. ಆದರೂ ಹೇಳುತ್ತೇನೆ. ಮುಳ್ಳೂರಿನಲ್ಲಿ ಮಾವನ ದೊಡ್ಡಪ್ಪ ಹಾಸಿಗೆ ಹಿಡಿದಿದ್ದರು. ತೊಂಬತ್ತರ ಮುದುಕ. ಮಾವ ನೋಡಲು ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿಂದ ಅತ್ತೆಗೆ ಫೋನು ಮಾಡಿದರು.

"ದೊಡ್ಡಪ್ಪ ಓದ್ರು."

ಹಕಾರ ಬಿಟ್ಟರೆ ಆಗುವ ಅನಾಹುತ ನೋಡಿ. ಅತ್ತೆ ಬಹಳ ಸಂತೋಷದಿಂದ, "ಹೌದೇ? ಏನನ್ನು ಓದಿದರು?" ಎಂದು ಕೇಳಿದಳು. ಆ ಮುದುಕರು ಜೀವಮಾನದಲ್ಲಿ ಒಂದಕ್ಷರ ಕಲಿತವರಲ್ಲ. ಕೊನೆಗಾಲದಲ್ಲಾದರೂ ಆಸೆ ಬಂತಲ್ಲ ಎಂದುಕೊಂಡಳಂತೆ. ಆ ಕಡೆ ಮಾವ "ಬಾ" ಎಂದಷ್ಟೇ ಹೇಳಿ ಫೋನಿಟ್ಟರು. ಅತ್ತೆ ಒಂದು ಬಾಲಬೋಧೆಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದಳು. ಅಲ್ಲಿ ಮನೆಯ ಮುಂದೆ ಜನ ಸೇರಿದ್ದನ್ನು ಕಂಡ ಮೇಲೆ ಆ ಪುಸ್ತಕವನ್ನು ಎಲ್ಲಿ ಬಚ್ಚಿಟ್ಟಳು ಎಂದು ಇವತ್ತಿಗೂ ಅವಳು ಯಾರಿಗೂ ಹೇಳಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಈ ವ್ಯಾಕರಣದಿಂದ ಯಾರಿಗಾದರೂ ಮೂರು ಕಾಸಿನ ಉಪಯೋಗವಾಗಿದೆಯೇ ಎಂದು ನೀವು ಕೇಳಬಹುದು. ಆಗಿದೆ. ಅದಕ್ಕೆ ನಾನೇ ಸಾಕ್ಷಿ.

ಅತ್ತೆ ಮಾರ್ಟಳ್ಳಿಯಲ್ಲಿದ್ದಾಗ ಪಕ್ಕದ ಮನೆಯಲ್ಲಿ ಹೊಂಬಾಳಮ್ಮ ಎಂಬ ಹೆಂಗಸಿದ್ದಳು. ಕೂಲಿ ಮಾಡುವವಳು, ಒಂಟಿ ಜೀವ. ಎಷ್ಟೋ ವರ್ಷಗಳ ನಂತರ ಅವಳು ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಕವರು ಹಿಡಿದು ಕೊಳ್ಳೇಗಾಲದಲ್ಲಿ ಅತ್ತೆಯ ಬಾಗಿಲಿಗೆ ಬಂದಳು. ಅವಳಿದ್ದ ಮನೆಯ ಹಕ್ಕುಪತ್ರದಲ್ಲಿ 'ಹೊಂಬಾಳಮ್ಮ' ಎಂದಿತ್ತು. ಗುರುತಿನ ಚೀಟಿ ಮಾಡಿಸುವಾಗ ಹೆಸರು ಕೇಳಿದ್ದಾರೆ, ಅವಳು ತನ್ನ ಬಾಯಿಗೆ ಬರುವಂತೆ ಹೇಳಿದ್ದಾಳೆ, ಅವರು ಕಿವಿಗೆ ಬಿದ್ದಂತೆ 'ಒಂಬಾಳಮ್ಮ' ಎಂದು ಬರೆದುಕೊಂಡಿದ್ದಾರೆ. ಈಗ ಸೂರು ಸೋರುತ್ತಿದೆ, ರಿಪೇರಿಗೆ ಅರ್ಜಿ ಹಾಕಿದರೆ ಇಬ್ಬರು ಹೆಂಗಸರು ಎಂದು ಅರ್ಜಿ ವಾಪಸು ಬಂದಿದೆ. ಮೂರು ಸಲ ಬಂದಿದೆ.

"ಇನ್ನೊಬ್ಳ್ನ ಕರ್ಕಂಡ್ ಬಾ ಅಂತರ ಕನವ್ವ. ಎಲ್ಲಿಂದ ತರ್ಲಿ ನಾನು ಇನ್ನೊಬ್ಳ?" ಎಂದು ಅವಳು ಅತ್ತೆಯ ಮುಂದೆ ಅತ್ತಳಂತೆ.

ಅತ್ತೆ ಅವಳನ್ನು ಕರೆದುಕೊಂಡು ನೇರ ನನ್ನ ಅಂಗಡಿಗೆ ಬಂದಳು. ನಿಂತುಕೊಂಡೇ ಅರ್ಜಿ ಹೇಳಿದಳು, ನಾನು ಟೈಪು ಮಾಡಿದೆ. 'ವಿಷಯ: ಹಕಾರ ಲೋಪದ ಕುರಿತು' ಎಂದು ತಲೆಬರಹ. ಕೆಳಗೆ, 'ಸದರಿ ಹೆಸರಿನಲ್ಲಿ ಲೋಪವಾಗಿರುವುದು ಹಕಾರ ಮಾತ್ರ. ಹೆಂಗಸು ಲೋಪವಾಗಿಲ್ಲ. ಆಕೆಯು ತಮ್ಮ ಮುಂದೆಯೇ ನಿಂತಿದ್ದಾಳೆ' ಎಂದು.

"ಅತ್ತೆ, ಆಫೀಸಿಗೆ ಹೀಗೆಲ್ಲ ಬರೆಯಬಾರದು" ಎಂದೆ.

"ಇದರಲ್ಲಿ ಯಾವ ಪದ ತಪ್ಪಿದೆ, ಹೇಳು" ಎಂದಳು. ನಾನು ಪ್ರಿಂಟು ಕೊಟ್ಟೆ. ಕೊಟ್ಟು, ಅಂಗಡಿಗೆ ಬೀಗ ಹಾಕಿ ನಾನೂ ಜೊತೆಗೆ ಹೊರಟೆ. ಇಂಥದ್ದನ್ನು ನೋಡದೆ ಬಿಡುವುದುಂಟೆ?

ಅದು ಯಾವ ಊರಿನ ಯಾವ ಕಚೇರಿ ಎಂಬುದು ಬೇಡ. ಮೇಜಿನ ಹಿಂದೆ ಕೂತಿದ್ದ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮೂರನೇ ಸಲ ಓದಿದರು. ಆಮೇಲೆ ಎರಡೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಹೇಳಿದರು.

"ನೋಡಿಮ್ಮಾ, ಇದ್ರಲ್ಲಿ ಒಂಬಾಳಮ್ಮ ಅಂತದ. ಇದ್ರಲ್ಲಿ ಒಂಬಾಳಮ್ಮ ಅಂತದ. ಎಲ್ಡೂ ಬ್ಯಾರೆ ಬ್ಯಾರೆ ಅಲ್ವಾ?"

"ನನ್ನ ಕಿವಿಗೆ ಎರಡೂ ಒಂದೇ ಕೇಳಿಸಿದವು" ಎಂದಳು ಅತ್ತೆ.

ಗುಮಾಸ್ತರು ಸ್ವಲ್ಪ ತಬ್ಬಿಬ್ಬಾದರು. "ಏಳದ್ರಲ್ಲಿ ಒಂದೇ, ಬರ್ದಿರದ್ರಲ್ಲಿ ಬ್ಯಾರೆ. ರೂಲ್ಸ್ ಪ್ರಕಾರ ಅಕ್ಷರ ಬ್ಯಾರೆ ಆದ್ರೆ ಆಸಾಮಿ ಬ್ಯಾರೆ. ಈಗ ಓಗಿ, ಸೋಮಾರ ಬನ್ನಿ."

ಅತ್ತೆ ಹೊಂಬಾಳಮ್ಮನ ಕೈ ಹಿಡಿದು ಎದುರಿನ ಬೆಂಚಿನ ಮೇಲೆ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು.

"ಓಗಿ ಅಂದ್ನಲ್ಲಮ್ಮಾ" ಎಂದರು ಗುಮಾಸ್ತರು.

"ತಾವು 'ಓಗಿ' ಎಂದಿರಿ. 'ಹೋಗಿ' ಎಂದು ಹೇಳಲಿಲ್ಲ. ಅಕ್ಷರ ಬೇರೆಯಾದರೆ ಪದವೂ ಬೇರೆ ಎಂದು ತಾವೇ ಹೇಳಿದ್ದೀರಿ. ತಾವು 'ಹೋಗಿ' ಎನ್ನುವವರೆಗೆ ನಾವು ಇಲ್ಲಿ ಕುಳಿತಿರುತ್ತೇವೆ."

ಕಚೇರಿಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡತೊಡಗಿದರು. ಗುಮಾಸ್ತರು ಬಾಯಿ ತೆರೆದರು, ಮುಚ್ಚಿದರು. ಪಾಪ, ಅವರಿಗೆ ಆ ಹಕಾರ ಹುಟ್ಟಿದಾಗಿನಿಂದ ಅಭ್ಯಾಸವಿಲ್ಲ. ಒಂದು ಸಲ ಬಹಳ ಪ್ರಯತ್ನಪಟ್ಟು ಗಂಟಲಿನಿಂದ ಏನನ್ನೋ ಹೊರಡಿಸಿದರು; ಅದು ಕೆಮ್ಮಾಯಿತು. ಒಳಗಿನ ಕೋಣೆಯಿಂದ ಸಾಹೇಬರು ಎದ್ದು ಬಂದರು. ನಡೆದದ್ದನ್ನು ಕೇಳಿದರು. ಅರ್ಜಿ ಓದಿದರು. ಮೀಸೆಯ ಕೆಳಗೆ ನಗು ತಡೆದುಕೊಳ್ಳುತ್ತಲೇ, "ಟೀಚ್ರೇ, ನೀವು ನಂಗೆ ಏಳ್ನೇ ಕ್ಲಾಸ್ನಲ್ಲಿ ಸಂಧಿ ಏಳ್ಕೊಟ್ಟಿದ್ರಿ" ಎಂದರು. ಹೊಂಬಾಳಮ್ಮನೂ ಒಂಬಾಳಮ್ಮನೂ ಒಬ್ಬಳೇ ಎಂದು ಅಲ್ಲಿಯೇ ಬರೆದು ರುಜು ಹಾಕಿ ಸೀಲು ಒತ್ತಿಸಿದರು.

ಅತ್ತೆ ಕೃತಜ್ಞತೆ ಹೇಳಿದಳು ಎಂದುಕೊಂಡಿರಾ? "ಚೆನ್ನಾಗಿರಪ್ಪ. ಆದರೆ ಅದು 'ಹೇಳಿಕೊಟ್ಟಿದ್ದಿರಿ'" ಎಂದಳು.

ಹೊರಗೆ ಬಂದ ಮೇಲೆ ಹೊಂಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಗ ನಾನು ಯಾನ ಮಾಡ್ಲವ್ವ?" ಎಂದಳು. ಅತ್ತೆ, "ಏನೂ ಬೇಡ. ಒಂದೇ ಒಂದು ಸಲ ನಿನ್ನ ಹೆಸರನ್ನು ಸರಿಯಾಗಿ ಹೇಳಿಬಿಡು" ಎಂದಳು. ಹೊಂಬಾಳಮ್ಮ ಬೆನ್ನು ನೆಟ್ಟಗೆ ಮಾಡಿ ನಿಂತು, ಉಸಿರೆಳೆದುಕೊಂಡು ಹೇಳಿದಳು.

"ಒಂಬಾಳಮ್ಮ."

ಇದೆಲ್ಲ ನಾವು ನಕ್ಕೂ ನಕ್ಕೂ ಹೇಳಿಕೊಳ್ಳುವ ಕಥೆಗಳು. ಹೋದ ವರ್ಷ ಅವರೆಕಾಯಿ ಕಾಲದಲ್ಲಿ ನಡೆದದ್ದನ್ನು ಮಾತ್ರ ನಾವು ಮನೆಯವರು ನಗುತ್ತಾ ಹೇಳುವುದಿಲ್ಲ.

ಬೆಳಿಗ್ಗೆ ಹತ್ತರ ಸುಮಾರಿಗೆ ಮಾವ ಹಿತ್ತಲ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಅತ್ತೆ ಒಳಗೆ ಒಲೆಯ ಮುಂದಿದ್ದಳು. ಮಾವ "ಇ... ಇದು..." ಎಂದರು. ಅತ್ತೆ ಒಳಗಿನಿಂದಲೇ, ನಲವತ್ತು ವರ್ಷದಿಂದ ಹೇಳುತ್ತಿದ್ದ ಹಾಗೆ, "ಪೂರ್ತಿಯಾಗಿ ಹೇಳಿ" ಎಂದಳು. ಮಾವ ಮತ್ತೆ "ಇ..." ಎಂದರು. "ಯಾವುದು? ಪದವನ್ನು ನುಂಗಬೇಡಿ" ಎಂದಳು. ಆಮೇಲೆ ಮೊರ ಬಿದ್ದ ಸದ್ದಾಯಿತು. ಹೊರಗೆ ಬಂದು ನೋಡಿದರೆ ಕಾಳೆಲ್ಲ ಚೆಲ್ಲಿ, ಮಾವ ಒಂದು ಪಕ್ಕಕ್ಕೆ ವಾಲಿದ್ದರು. ಬಲಗೈ ಎತ್ತಲು ಆಗುತ್ತಿರಲಿಲ್ಲ. ಬಾಯಿ ಸೊಟ್ಟಗಾಗಿತ್ತು.

ಪಕ್ಕದ ಮನೆಯವರು ಕೊಳ್ಳೇಗಾಲದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಮೈಸೂರಿಗೆ ಕರೆದುಕೊಂಡು ಹೋದೆವು. ಜೀವಕ್ಕೇನೂ ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನು ಅತ್ತೆಗೆ ಕಾಫಿ ತಂದುಕೊಟ್ಟೆ. ಅವಳು ಲೋಟ ಹಿಡಿದುಕೊಂಡು ಕುಡಿಯದೆ ಕೂತಿದ್ದಳು.

"ನಾನು 'ಪೂರ್ತಿಯಾಗಿ ಹೇಳಿ' ಎಂದೆ ಕಣೋ" ಎಂದಳು. "ಎರಡು ಸಲ ಕರೆದರು. ಎರಡು ಸಲವೂ ತಿದ್ದಿದೆ."

ಕಾಫಿ ಆರಿಹೋಯಿತು.

ಮಾವನ ಕಾಲು ಬೇಗ ಸುಧಾರಿಸಿತು. ಕೋಲು ಹಿಡಿದು ನಡೆಯತೊಡಗಿದರು. ಮಾತು ಮಾತ್ರ ಬರಲಿಲ್ಲ. ಮಾತು ಕಲಿಸುವ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿದ್ದಳು. ಅವಳು ಅತ್ತೆಯನ್ನು ಕೂರಿಸಿಕೊಂಡು, "ಅಮ್ಮ, ನೀವು ಹೇಳೋದು ಇವರಿಗೆ ಅರ್ಥ ಆಗುತ್ತೆ. ಒಂದೊಂದೇ ಪದ ಮುಂದೆ ಬರಬಹುದು. ಆದರೆ ಪದಗಳನ್ನ ಕೂಡಿಸಿ ವಾಕ್ಯ ಮಾಡೋ ಭಾಗಕ್ಕೆ ಪೆಟ್ಟು ಬಿದ್ದಿದೆ" ಎಂದಳು.

"ಯಾವುದು ಹೋಗಿದೆ? ವಿಭಕ್ತಿ ಪ್ರತ್ಯಯಗಳೋ, ಕ್ರಿಯಾಪದವೋ?" ಎಂದು ಅತ್ತೆ ಕೇಳಿದಳು.

ಆ ಹುಡುಗಿ ಬೆರಗಾಗಿ ಅತ್ತೆಯನ್ನೇ ನೋಡಿದಳು. "ಎರಡೂ ಅಮ್ಮ. ಇದನ್ನ ಇಷ್ಟು ಸರಿಯಾಗಿ ಯಾರೂ ಕೇಳಿರಲಿಲ್ಲ" ಎಂದಳು. ಆಮೇಲೆ, "ನೀವು ಇನ್ನುಮೇಲೆ ಇವರ ಹತ್ತಿರ ಚಿಕ್ಕ ಚಿಕ್ಕದಾಗಿ ಮಾತಾಡಬೇಕು. ಉದ್ದ ವಾಕ್ಯ ಬೇಡ. ಅವರು ಒಂದು ಪದ ಅಂದರೆ ಉಳಿದದ್ದನ್ನ ನೀವೇ ತುಂಬಿಕೊಳ್ಳಿ" ಎಂದಳು.

"ಅದಕ್ಕೆ ಅಧ್ಯಾಹಾರ ಎನ್ನುತ್ತಾರೆ" ಎಂದಳು ಅತ್ತೆ ಮೆಲ್ಲಗೆ. "ವಾಕ್ಯದಲ್ಲಿ ಇಲ್ಲದ ಪದವನ್ನು ಕೇಳುವವರು ಸೇರಿಸಿಕೊಂಡು ಅರ್ಥಮಾಡಿಕೊಳ್ಳುವುದು. ಮೂವತ್ತೈದು ವರ್ಷ ಪಾಠ ಮಾಡಿದ್ದೇನೆ."

ಪಾಠ ಮಾಡುವುದು ಬೇರೆ, ಪಾಲಿಸುವುದು ಬೇರೆ ಎಂದು ಮನೆಗೆ ಬಂದ ಮೇಲೆ ತಿಳಿಯಿತು. ಸಕ್ಕರೆ ಕಾಯಿಲೆಯವರಿಗೆ ಸಿಹಿ ಬಿಡುವುದಾದರೂ ಸುಲಭ, ಅತ್ತೆಗೆ ಪ್ರತ್ಯಯ ಬಿಡುವುದು ಆಗಲಿಲ್ಲ. ಲೋಟ ಹಿಡಿದು "ನೀರು" ಎನ್ನುವಳು. ಅಲ್ಲಿಗೆ ನಿಲ್ಲಿಸಬೇಕು. ತುಟಿ ಬಿಗಿಹಿಡಿದು ಎರಡು ಕ್ಷಣ ತಡೆಯುವಳು. ಆಮೇಲೆ ಕೈಮೀರಿ "ಅನ್ನು" ಎಂದು ಹೊರಬೀಳುತ್ತಿತ್ತು. ಎರಡೇ ವಾರಕ್ಕೆ ಅವಳು ಹಳೆಯ ಶಾಲೆಯ ಕಪ್ಪು ಹಲಗೆಯನ್ನು ತರಿಸಿ 'ನಾನು ನೀರನ್ನು ಕುಡಿಯುತ್ತೇನೆ' ಎಂದು ಬರೆದು ಮಾವನ ಮಂಚದ ಎದುರಿಗೆ ನಿಲ್ಲಿಸಿಬಿಟ್ಟಳು. ಆ ಹುಡುಗಿ ಬೇಡವೆಂದಿದ್ದರೂ ಅತ್ತೆಗೆ ಹಟ. ಮಾವ "ನಾ... ನೀ... ನಾ..." ಎಂದು ಬೆವರಿದರು. ನಾಲ್ಕನೇ ದಿನ ಕೋಲಿನಿಂದ ಹಲಗೆಯನ್ನು ದೂಡಿ ಬೀಳಿಸಿ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಅತ್ತೆ ಹಲಗೆಯನ್ನು ಎತ್ತಿ, ಒರೆಸಿ, ಅಟ್ಟದ ಮೇಲಿಟ್ಟಳು. ಆ ದಿನವೆಲ್ಲ ಮನೆಯಲ್ಲಿ ಇಬ್ಬರೂ ಮಾತಾಡಲಿಲ್ಲ. ಒಬ್ಬರಿಗೆ ಬರುತ್ತಿರಲಿಲ್ಲ, ಒಬ್ಬಳಿಗೆ ಬೇಕಿರಲಿಲ್ಲ.

ಮಾತಿನ ಬಾಗಿಲು ತೆರೆದುಕೊಂಡದ್ದು ಯಾರೂ ನಿರೀಕ್ಷಿಸದ ರೀತಿಯಲ್ಲಿ. ಮಾವನನ್ನು ನೋಡಲು ಬಂದಿದ್ದ ಹೆಂಗಸೊಬ್ಬರು ಹೊರಡುವಾಗ, "ಬೆಟ್ಟುದ್ ಬಸ್ಸು ಇನ್ನೂ ಸಿಕ್ತದೇನಕ್ಕ? ಎಲ್ಲೆಲ್ಲಿ ನಿಲ್ಸನು?" ಎಂದು ಅತ್ತೆಯನ್ನು ಕೇಳಿದರು. ಅತ್ತೆ ಹೇಳುವ ಮೊದಲೇ ಮಂಚದಿಂದ ದನಿ ಬಂತು.

"ಮಧುವನಳ್ಳಿ, ಕಾಮಗೆರೆ, ಅನೂರು, ಕೌದಳ್ಳಿ, ತಾಳಬೆಟ್ಟ, ಬೆಟ್ಟ."

ಒಂದೂ ತಡವರಿಕೆಯಿಲ್ಲ. ನೀರು ಹರಿದ ಹಾಗೆ ಬಂತು. ಮಾವ ತಾವೇ ಬೆಚ್ಚಿ ಸುತ್ತ ನೋಡಿದರು, ಹೇಳಿದವರು ಯಾರು ಎನ್ನುವ ಹಾಗೆ. ಅತ್ತೆ ಬಂದ ಹೆಂಗಸನ್ನು ಅಲ್ಲಿಯೇ ಬಿಟ್ಟು ಮಂಚದ ಹತ್ತಿರ ಓಡಿದಳು. "ಇನ್ನೊಂದು ಸಲ" ಎಂದಳು. ಮಾವ ಹೇಳಿದರು. ಮತ್ತೆ ಹೇಳಿದರು. ಪ್ರತಿ ಸಲವೂ 'ಅನೂರು' ಎಂದೇ ಹೇಳಿದರು. ಅತ್ತೆ ಪ್ರತಿ ಸಲವೂ ತಲೆಯಾಡಿಸಿದಳು.

ಮೈಸೂರಿನ ಹುಡುಗಿಗೆ ಫೋನು ಮಾಡಿದಾಗ, ದಿನವೂ ಹೇಳಿ ಹೇಳಿ ಬಾಯಿಪಾಠವಾದದ್ದು ಕೆಲವರಲ್ಲಿ ಹಾಗೆ ಉಳಿದಿರುತ್ತದೆ, ಅದನ್ನೇ ಹಿಡಿದುಕೊಂಡು ಮುಂದೆ ಹೋಗಿ ಎಂದಳು. ಅಂದಿನಿಂದ ಅತ್ತೆಯ ಮನೆಯಲ್ಲಿ ದಿನಕ್ಕೆ ನಾಲ್ಕು ಟ್ರಿಪ್ಪು ಬಸ್ಸು ಹೊರಡತೊಡಗಿತು. ಒಂದೊಂದು ಸ್ಟಾಪಿನಲ್ಲೂ ಅತ್ತೆ ಇಳಿದು ಏನಾದರೊಂದು ಕೇಳುವಳು. "ಕಾಮಗೆರೆ?" ಎಂದರೆ ಮಾವ ಬಹಳ ಹೊತ್ತು ಹುಡುಕಿ "ಟೀ" ಎನ್ನುವರು. "ಕೌದಳ್ಳಿ?" ಎಂದರೆ "ಬಾಳೆ" ಎನ್ನುವರು. "ತಾಳಬೆಟ್ಟ?" ಎಂದರೆ ಕಾಲು ತೋರಿಸಿ "ನಡಿ" ಎನ್ನುವರು, ಅಲ್ಲಿಂದ ಭಕ್ತರು ನಡೆದು ಹತ್ತುತ್ತಾರಲ್ಲ, ಅದು. ಹೀಗೆ ತಿಂಗಳುಗಟ್ಟಲೆ ಸ್ಟಾಪಿಗೊಂದು ಪದದಂತೆ ಮಾವನ ಮಾತು ಒಂದೊಂದೇ ಹತ್ತಿಕೊಳ್ಳತೊಡಗಿತು. ಪಕ್ಕದ ಮನೆಯವರಿಗೆ ಮಾತ್ರ, ಟೀಚರು ಕಂಡಕ್ಟರ್ ಕೆಲಸ ಕಲಿಯುತ್ತಿದ್ದಾರೆ ಎಂದು ಅನುಮಾನ.

ಅಷ್ಟಾದರೂ ಬಂದದ್ದೆಲ್ಲ ವಸ್ತುಗಳ ಹೆಸರು. ನೀರು, ಟವೆಲ್, ಬಿಸಿಲು, ನೋವು. ಮಾವನಾಗಿ ಯಾರನ್ನೂ ಏನನ್ನೂ ಕೇಳಿದ್ದಿಲ್ಲ.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ನಾನು ಹೋಗಿದ್ದೆ. ಅತ್ತೆ ಮಾವನಿಗೆ ಊಟ ಮಾಡಿಸುತ್ತಿದ್ದಳು. ಎಡಗೈಯಲ್ಲಿ ತಾವೇ ತಿನ್ನಬಲ್ಲರು, ಆದರೆ ಸಾರನ್ನ ಕಲಸಿ ತುತ್ತು ಮಾಡಿಕೊಡುವುದನ್ನು ಅತ್ತೆ ಬಿಟ್ಟಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ತುತ್ತಿಗೆ ಮಾವ ಬಾಯಿ ತೆರೆಯಲಿಲ್ಲ. ಅವಳ ಮಣಿಕಟ್ಟು ಹಿಡಿದುಕೊಂಡರು. ಹಣೆಯ ಮೇಲೆ ಗೆರೆಗಳು ಮೂಡಿದವು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು.

"ನೀ" ಎಂದರು.

ನಾನು ಉಳಿದದ್ದಕ್ಕೆ ಕಾದೆ. ಏನೂ ಬರಲಿಲ್ಲ.

"ಆಮೇಲೆ" ಎಂದಳು ಅತ್ತೆ.

ಮಾವ ತಲೆ ಅಡ್ಡ ಆಡಿಸಿದರು. ಕೈ ಬಿಡಲಿಲ್ಲ. "ನೀ" ಎಂದರು ಮತ್ತೆ.

ಅತ್ತೆ ಕೈಯಲ್ಲಿದ್ದ ತುತ್ತನ್ನು ನೋಡಿಕೊಂಡಳು. ಅವಳ ಕಣ್ಣು ತುಂಬಿತು. "ಹೂಂ" ಎಂದು ಆ ತುತ್ತನ್ನು ತನ್ನ ಬಾಯಿಗೆ ಹಾಕಿಕೊಂಡಳು. ಆಮೇಲೆ ಮಾವ ಬಾಯಿ ತೆರೆದರು.

ನನಗೆ ಸುಮ್ಮನಿರಲಾಗಲಿಲ್ಲ. "ಅತ್ತೆ, ಮಾವ ಏನಂದರು?" ಎಂದೆ.

"ನೀನು ಬೆಳಗ್ಗೆಯಿಂದ ಏನೂ ತಿಂದಿಲ್ಲ, ಒಲೆ ಮುಂದೆ ನಿಂತು ಸೊರಗಿದೀಯ, ನೀನು ತಿನ್ನೋವರೆಗೂ ನಾನೂ ತಿನ್ನಲ್ಲ ಅಂದರು" ಎಂದಳು ಅತ್ತೆ, ಅವರ ಬಾಯಿಯ ಪಕ್ಕದಲ್ಲಿ ಅಂಟಿದ್ದ ಅಗುಳನ್ನು ಬೆರಳಿನಿಂದ ತೆಗೆಯುತ್ತಾ. "ನೀನು ಅಲ್ಲೇ ಕೂತಿದ್ದೆಯಲ್ಲೋ, ಕೇಳಿಸಲಿಲ್ವಾ?"